ಬನಶಂಕರಿಯ ಸೀಮೆಯಲ್ಲಿ ಬಣ್ಣದ ವ್ಯಾಪಾರ

ಬಾದಾಮಿಯ ಹೆಸರನ್ನು ಎತ್ತಿದೊಡನೆ ಚಾಲುಕ್ಯರ ಗುಹಾಲಯಗಳೂ, ಅಗಸ್ತ್ಯತೀರ್ಥವೂ, ಕೆಂಗಲ್ಲಿನ ಕೋಟೆಯೂ ನೆನಪಿಗೆ ಬರುವದು ಸಹಜವಾಗಿದೆ. ಕಲ್ಲಿನಲ್ಲಿ ಕೊರೆದುದು ಉಳಿಯುವದರಿಂದ ಅದರ ಇತಿಹಾಸವನ್ನು ಬರೆಯುವವರು ದೊರೆಯುತ್ತಾರೆ. ನೂಲಿನಲ್ಲಿ ನೆಯ್ದುದು ಉಟ್ಟು ಹರಿದು ಹೋಗುವದರಿಂದ ಅದರ ಇತಿಹಾಸವನ್ನು ಕೇಳುವವರು ವಿರಳ. ಆದರೂ ಬಾದಾಮಿ, ಬಾಗಲಕೋಟೆ, ಹುನಗುಂದ ಈ ಮೂರೂ ತಾಲೂಕುಗಳಲ್ಲಿ ಬೇಸಾಯದ ತರುವಾಯ ಅತ್ಯಂತ ಹೆಚ್ಚು ಮನೆಗಳ ಒಲೆಯನ್ನು ಹೊತ್ತಿಸಿದ ಉದ್ಯೋಗವೆಂದರೆ ನೇಕಾರಿಕೆಯೇ. ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಅರಿಯದ ಮನೆ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಇರಲಾರದು. ಈ ಎರಡರ ಕೀರ್ತಿಯೂ ಅರ್ಧ ನೆಯ್ಗೆಯದು, ಅರ್ಧ ಬಣ್ಣದ್ದು. ನೆಯ್ಗೆಯನ್ನು ಕುರಿತು ಅಷ್ಟಿಷ್ಟು ಬರೆದವರಿದ್ದಾರೆ. ಆ ಬಣ್ಣವು ಎಲ್ಲಿ ಬೆಳೆಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅದರ ಪೇಟೆಯು ಹಿಗ್ಗಿದಂತೆಲ್ಲ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವಾಗಿದೆ.

ಬಾದಾಮಿಗೆ ಹತ್ತಿರದ ಚೊಳಚಗುಡ್ಡದ ಬಳಿಯಲ್ಲಿ ಬನಶಂಕರಿಯ ಗುಡಿಯಿದೆ. ಶಾಕಂಭರಿಯೆಂದು ಪುರಾಣಗಳು ಕೊಂಡಾಡುವ ಈ ದೇವಿಯು ಚಾಲುಕ್ಯರಿಗೆ ಕುಲದೇವತೆಯಾಗಿದ್ದಳು. ನೇಕಾರರಾದ ದೇವಾಂಗದವರಿಗೂ ಆರಾಧ್ಯಳು. ಗುಡಿಯ ಮುಂದಣ ವಿಶಾಲವಾದ ಹೊಂಡವನ್ನು ಜನರು ಹರಿದ್ರಾತೀರ್ಥವೆಂದು ಕರೆಯುವರು. ಅದು ಹರಿಶ್ಚಂದ್ರತೀರ್ಥವೆಂಬ ಹೆಸರಿನ ರೂಪಾಂತರವೆಂದು ಹೇಳುವದುಂಟು. ಆದರೆ ಜನರ ನಾಲಿಗೆಯು ಹರಿದ್ರಾ, ಎಂದರೆ ಅರಿಸಿನದ ಹೆಸರನ್ನೇ ಆರಿಸಿಕೊಂಡಿತು. ಪುಷ್ಯಮಾಸದ ಬನದ ಹುಣ್ಣಿಮೆಗೆ ಇಲ್ಲಿ ತೇರು ಎಳೆಯುವರು. ಆ ಜಾತ್ರೆಯು ದೇವರ ಉತ್ಸವವಾಗಿರುವಂತೆಯೇ ಈ ಸೀಮೆಯ ದೊಡ್ಡ ಸಂತೆಯೂ ಆಗಿದೆ. ಸುಗ್ಗಿಯ ಹಣವು ರೈತನ ಕೈಸೇರುವ ಕಾಲವದು. ಎತ್ತು, ಬಾಗಿಲು ಚೌಕಟ್ಟು, ಪಾತ್ರೆಪಡಗ, ಸೀರೆ ಕುಪ್ಪಸ ಇವೆಲ್ಲವೂ ಅಲ್ಲಿ ಮಾರಾಟಕ್ಕೆ ಬರುವವು. ಅರಿವೆಯನ್ನು ಕೊಳ್ಳುವ ಹೆಣ್ಣುಮಕ್ಕಳು ಮೊದಲು ಕೇಳುವ ಪ್ರಶ್ನೆಯೊಂದೇ: ಬಣ್ಣ ಗಟ್ಟಿಯೋ? ಬಣ್ಣದ ವ್ಯಾಪಾರದ ಇತಿಹಾಸವೆಲ್ಲವೂ ಈ ಪ್ರಶ್ನೆಯ ಸುತ್ತಲೇ ತಿರುಗಿದೆಯೆಂದರೆ ತಪ್ಪಾಗದು.

ಈ ಪ್ರಶ್ನೆಯು ಬಹಳ ಹಳೆಯದು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ನಾಯಕನಾಯಿಕೆಯರ ಪೂರ್ವರಾಗವನ್ನು ನೀಲೀರಾಗ, ಕುಸುಂಭರಾಗ, ಮಂಜಿಷ್ಠಾರಾಗವೆಂದು ಮೂರು ಬಗೆಯಾಗಿ ವಿಂಗಡಿಸಿರುವನು. ಹೊರಗೆ ಅಷ್ಟಾಗಿ ಶೋಭಿಸದಿದ್ದರೂ ಮನಸ್ಸಿನಿಂದ ಅಳಿಯದ ಪ್ರೇಮವು ನೀಲಿಯಂಥದು. ಬಹಳ ಶೋಭಿಸಿ ಬೇಗನೆ ಅಳಿದುಹೋಗುವದು ಕುಸುಬಿಯ ಹೂವಿನ ಬಣ್ಣದಂಥದು. ಶೋಭಿಸುವದೂ ಅಳಿಯದಿರುವದೂ ಎರಡೂ ಕೂಡಿರುವದು ಮಂಜಿಷ್ಠೆಯಂಥದು. ಚಂಚಲವಾದ ಪ್ರೀತಿಯುಳ್ಳವನಿಗೆ ಹರಿದ್ರಾರಾಗನೆಂಬ ಹೆಸರು ಸಂಸ್ಕೃತದಲ್ಲಿದೆ. ಅರಿಸಿನದ ಬಣ್ಣವು ಬಿಸಿಲಿಗೆ ನಿಲ್ಲದಷ್ಟೇ! ಇಂಥ ಉಪಮಾನಗಳು ಓದುಗರಿಗೆ ತಟ್ಟನೆ ತಿಳಿಯಬೇಕಾದರೆ ಯಾವ ಬಣ್ಣ ನಿಲ್ಲುವದು, ಯಾವುದು ಹೋಗುವದು ಎಂಬುದು ಪ್ರತಿಯೊಂದು ಮನೆಯಲ್ಲಿಯೂ ಗೊತ್ತಿರಬೇಕು. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಆಪತ್ಕಾಲದಲ್ಲಿಯೂ ಬ್ರಾಹ್ಮಣನು ಮಾರಬಾರದ ಪದಾರ್ಥಗಳಲ್ಲಿ ನೀಲಿ, ಅರಗು ಹಾಗೂ ಬಣ್ಣ ಹಾಕಿದ ಅರಿವೆಗಳನ್ನು ಎಣಿಸಿದ್ದಾರೆ. ನಿಷೇಧಿಸಬೇಕಾದಷ್ಟು ಆ ವ್ಯಾಪಾರವು ನಡೆದಿತ್ತೆಂಬುದಕ್ಕೆ ಅದೇ ಸಾಕ್ಷಿ.

ಆದರೆ ಒಂದು ಮಾತನ್ನು ಇಲ್ಲಿ ಮರೆಯತಕ್ಕದ್ದಲ್ಲ. ಅಲಂಕಾರಶಾಸ್ತ್ರವು ಬಣ್ಣದಿಂದ ಉಪಮಾನವನ್ನು ತೆಗೆದುಕೊಂಡಿತು. ಬಣ್ಣ ಹಾಕುವ ಕ್ರಮವನ್ನು ಬರೆದಿಡುವದು ಅದರ ಕೆಲಸವಾಗಿರಲಿಲ್ಲ. ಧರ್ಮಶಾಸ್ತ್ರವು ಬಣ್ಣವನ್ನು ಮಾರುವವನನ್ನು ದೂರವಿರಿಸಿತು. ಹೀಗೆ ಲೇಖನಿಯಿದ್ದವರಿಗೆ ಹರವಿಯ ಗುಟ್ಟು ತಿಳಿಯಲಿಲ್ಲ. ಹರವಿಯ ಗುಟ್ಟು ತಿಳಿದವರ ಕೈಯಲ್ಲಿ ಲೇಖನಿಯಿರಲಿಲ್ಲ. ಇದರ ಫಲವು ಎಂಥದಾಯಿತೆಂಬುದನ್ನು ಮುಂದೆ ನೋಡಬಹುದು.

ಪೂರ್ವದಲ್ಲಿ ಈ ಸೀಮೆಯ ಅರಳೆಯ ಬಟ್ಟೆಗೆ ಮುಖ್ಯವಾದ ಬಣ್ಣಗಳು ಎರಡು: ನೀಲಿ ಮತ್ತು ಕೆಂಪು. ನೀಲಿಯ ಕೆಲಸವನ್ನು ನೀಲಗಾರರೂ ಇತರ ಬಣ್ಣಗಳ ಕೆಲಸವನ್ನು ರಂಗರೇಜರೂ ಮಾಡುತ್ತಿದ್ದರು. ನೀಲಿಯ ಗಿಡದ ಸೊಪ್ಪನ್ನು ನೀರಿನಲ್ಲಿ ನೆನೆಯಿಟ್ಟು, ಆ ನೀರನ್ನು ಬಡಿದು ಕಲಕಿದರೆ ತಳದಲ್ಲಿ ನೀಲಿಯು ಇಳಿಯುವದು; ಅದನ್ನು ಒಣಗಿಸಿ ಬಿಲ್ಲೆ ಮಾಡಿ ಮಾರುವರು. ಆ ಬಿಲ್ಲೆಯು ನೀರಿನಲ್ಲಿ ಕರಗತಕ್ಕ ವಸ್ತುವಲ್ಲ. ಅದನ್ನು ಅರೆದು ಸುಣ್ಣದ ತಿಳಿಯೊಂದಿಗೆ ಹರವಿಯಲ್ಲಿ ಹಾಕಿ, ತಗಚೆಯ ಬೀಜವನ್ನು ಬೇಯಿಸಿ ಕೂಡಿಸಿ, ಹುಳಿಯೇರುವಂತೆ ಕೆಲವು ದಿನ ಕಾಯಬೇಕು. ಹರವಿಯು ಹದಕ್ಕೆ ಬಂದಾಗ ಒಳಗಿನ ನೀರು ಹಸಿರು ಹಳದಿಯಾಗಿ ಕಾಣುವದು. ನೂಲನ್ನು ಅದರಲ್ಲಿ ಅದ್ದಿ ಮೇಲಕ್ಕೆತ್ತಿದರೆ ಗಾಳಿ ತಾಕಿದೊಡನೆ ಕಣ್ಣೆದುರಿಗೇ ನೀಲಿಯಾಗುವದು. ಒಂದು ಸಲ ಅದ್ದಿದರೆ ತಿಳಿನೀಲಿ. ಮತ್ತೆ ಮತ್ತೆ ಅದ್ದಿದರೆ ಕಪ್ಪಿನ ಹತ್ತಿರಕ್ಕೆ ಹೋಗುವ ಗಾಢನೀಲಿ. ಹರವಿಯು ಹದ ತಪ್ಪಿತೋ ಇಲ್ಲವೋ ಎಂಬುದನ್ನು ನೀಲಗಾರನು ಕಣ್ಣಿನಿಂದ, ಮೂಗಿನಿಂದ ಅರಿಯುತ್ತಿದ್ದನು.

ಕೆಂಪಿನ ಕೆಲಸವು ಇದಕ್ಕಿಂತ ಕಷ್ಟದ್ದು. ಸುರಂಜಿಯೆಂದೂ ಆಲವೆಂದೂ ಮದ್ದಿಯೆಂದೂ ಕರೆಯುವ ಗಿಡದ ಬೇರಿನಲ್ಲಿ ಈ ಬಣ್ಣವಿರುವದು. ಅದನ್ನು ಎರೆಯ ಹೊಲಗಳಲ್ಲಿ ಬೆಳೆಯುತ್ತಿದ್ದರು. ಬಿತ್ತಿದ ಮೂರು ನಾಲ್ಕು ವರ್ಷಗಳ ಮೇಲೆ ಆಳವಾಗಿ ಅಗೆದು ಬೇರನ್ನು ತೆಗೆಯಬೇಕು. ಸಣ್ಣ ಬೇರಿಗೆ ಬೆಲೆ ಹೆಚ್ಚು. ದಪ್ಪ ಬೇರಿನಲ್ಲಿ ಬಣ್ಣ ಕಡಿಮೆ. ನೂಲನ್ನು ಮೊದಲು ಎಣ್ಣೆ, ಬೂದಿಯ ಕ್ಷಾರ, ಕುರಿಯ ಹಿಕ್ಕೆಗಳ ನೀರಿನಲ್ಲಿ ನೆನೆಯಿಸಿ ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಯಿಸಿ, ಹೀಗೆ ಹಲವು ದಿನ ನಡೆಯಿಸಬೇಕು. ಆಮೇಲೆ ಪಟಿಕದ ನೀರು. ಕಡೆಗೆ ಬೇರಿನ ಪುಡಿಯೊಂದಿಗೆ ಮೆಲ್ಲಗೆ ಕುದಿಸುವದು. ಪಟಿಕವೇ ಬಣ್ಣವನ್ನು ನೂಲಿಗೆ ಕಟ್ಟುವ ಗಂಟು. ಅದಿಲ್ಲದಿದ್ದರೆ ಬಣ್ಣವು ನಿಲ್ಲುವದಿಲ್ಲ. ರೈತನ ಮೂರು ವರ್ಷ, ಬಣ್ಣಗಾರನ ಹಲವು ದಿನ, ಇವೆರಡೂ ಕೂಡಿದ ಮೇಲೆ ನೇಕಾರನ ಮಗ್ಗಕ್ಕೆ ಕೆಂಪು ನೂಲು ಬರುತ್ತಿತ್ತು.

ಇಳಕಲ್ಲಿನ ಸೀರೆಗೆ ಈ ಶ್ರಮವು ಏಕೆ ಬೇಕಾಗಿತ್ತೆಂಬುದು ಅದರ ಸೆರಗನ್ನು ನೋಡಿದರೆ ತಿಳಿಯುವದು. ಟೋಪ ತೆನಿಯೆಂಬ ಆ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ತೆನೆಗಳಿರುವವು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುವ ಕ್ರಮವೇ ಆ ನೆಯ್ಗೆಯ ವಿಶೇಷ. ಆದುದರಿಂದ ಒಂದು ಸೀರೆಗೆ ಎರಡು ಬಗೆಯ ಬಣ್ಣದ ಹಾಸುಗಳು ಬೇಕು. ಕೆಂಪು ಒಂದು ಒಗೆತಕ್ಕೆ ಜಾರಿದರೆ ಬಿಳಿಯ ತೆನೆಗಳೆಲ್ಲ ಕೆಟ್ಟು ಸೀರೆಯ ಮುಖವೇ ಹೋಗುವದು. ಬೇರೆ ಬಟ್ಟೆಯಲ್ಲಿ ಬಣ್ಣ ಬಿಡುವದು ಒಂದು ಕೊರತೆ. ಈ ಸೀರೆಯಲ್ಲಿ ಅದು ಸರ್ವನಾಶ. ಬನಶಂಕರಿಯ ಜಾತ್ರೆಯಲ್ಲಿ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಯ ಬೇರು ಇಲ್ಲಿದೆ.

ಹಳೆಯ ಪದ್ಧತಿಯ ಪೇಟೆಯು ಇಕ್ಕಟ್ಟಾಗಿತ್ತು. ಬೇರು ಎಷ್ಟು ಬೆಳೆಯಿತೋ ಅಷ್ಟೇ ಕೆಂಪು. ನೀಲಿಯ ಬಿಲ್ಲೆ ಎಷ್ಟು ಬಂಡಿಯಲ್ಲಿ ಬಂದಿತೋ ಅಷ್ಟೇ ನೀಲಿ. ಬಿಲ್ಲೆಯಲ್ಲಿ ಮಣ್ಣು ಬೆರೆತಿದ್ದರೆ ಹರವಿಗೆ ಹಾಕುವ ತನಕ ತಿಳಿಯುವಂತಿರಲಿಲ್ಲ. ಗಟ್ಟಿ ಬಣ್ಣದ ಸೀರೆಯು ಉಳ್ಳವರ ಮನೆಯದು. ಕೂಲಿಯವಳಿಗೆ ಬಿಳಿಯದೋ ಬೇಗನೆ ಮಾಸುವದೋ ಗತಿಯಾಗಿತ್ತು. ಆದರೆ ಈ ಇಕ್ಕಟ್ಟಾದ ಪೇಟೆಯಲ್ಲಿ ಬಣ್ಣದ ಹಣವೆಲ್ಲ ಹೊಲದವನಿಗೂ ಬಣ್ಣಗಾರನಿಗೂ ಹಂಚಿಹೋಗಿ ಬಹುಮಟ್ಟಿಗೆ ನಾಡಿನೊಳಗೇ ಉಳಿಯುತ್ತಿತ್ತು.

ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ ಸಂಗತಿಯು ನಡೆದದ್ದು ಬಹು ದೂರದಲ್ಲಿ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಎಂಬ ವಿದ್ಯಾರ್ಥಿಯು ಚಳಿಜ್ವರದ ಔಷಧವಾದ ಕ್ವಿನೈನನ್ನು ಕೃತಕವಾಗಿ ಮಾಡಹೋಗಿ, ಕಲ್ಲಿದ್ದಲಿನ ಡಾಂಬರಿನಿಂದ ಹೊರಟ ಅನಿಲೀನ್ ಎಂಬ ವಸ್ತುವಿನಿಂದ ಊದಾಬಣ್ಣವನ್ನು ಪಡೆದನು. ಈ ಅನಿಲೀನ್ ಎಂಬ ಶಬ್ದದ ಹುಟ್ಟು ವಿಚಾರಾರ್ಹವಾಗಿದೆ. ಆ ದ್ರವ್ಯವನ್ನು ಮೊದಲು 1826ರಲ್ಲಿ ನೀಲಿಯನ್ನು ಭಟ್ಟಿಯಿಳಿಸಿ ಪಡೆದಿದ್ದರು. ಸಂಸ್ಕೃತದ ನೀಲ ಶಬ್ದವು ಅರಬರ ಬಾಯಲ್ಲಿ ಅನ್ನೀಲವಾಗಿ, ಪೋರ್ತುಗೀಸರಲ್ಲಿ ಅನಿಲವಾಗಿ, ಜರ್ಮನಿಯ ರಸಾಯನಜ್ಞರಲ್ಲಿ ಅನಿಲೀನ್ ಆಯಿತು. ನೀಲಿಯ ಹೆಸರನ್ನು ಹೊತ್ತ ವಸ್ತುವೇ ಮುಂದೆ ನೀಲಿಯ ಹೊಲಗಳಿಗೆ ಮೃತ್ಯುವಾಗತಕ್ಕ ವಿದ್ಯೆಗೆ ದಾರಿ ತೋರಿಸಿತು.

1868ರಲ್ಲಿ ಗ್ರೇಬೆ ಮತ್ತು ಲೀಬರ್‌ಮನ್ ಎಂಬ ಇಬ್ಬರು ಜರ್ಮನ್ ಪಂಡಿತರು ಮಂಜಿಷ್ಠೆಯ ಜಾತಿಯ ಯುರೋಪಿನ ಬೇರಿನಲ್ಲಿರುವ ಅಲಿಜರಿನ್ ಎಂಬ ಕೆಂಪು ದ್ರವ್ಯವನ್ನು ಡಾಂಬರಿನಿಂದ ಮಾಡಿದರು. ಮರುವರ್ಷವೇ ಅದಕ್ಕೆ ಹಕ್ಕುಪತ್ರಗಳು ದೊರೆತು ಕಾರಖಾನೆಗಳು ಎದ್ದವು. ಫ್ರಾನ್ಸಿನ ದಕ್ಷಿಣದಲ್ಲಿ ಆ ಬೇರನ್ನು ಬೆಳೆಯುತ್ತಿದ್ದ ರೈತರು ಕೆಲವೇ ವರ್ಷಗಳಲ್ಲಿ ಹಾಳಾದರು. ನೀಲಿಯು ಇನ್ನೂ ಕೆಲವು ಕಾಲ ಎದುರಿಸಿ ನಿಂತಿತು. ಬಾಯರನೆಂಬ ಪಂಡಿತನು 1880ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿ, 1883ರಲ್ಲಿ ಅದರ ರಚನೆಯನ್ನು ತಿಳಿಸಿದನು. ಅದನ್ನು ಅಗ್ಗವಾಗಿ ಮಾಡುವ ಮಾರ್ಗಕ್ಕಾಗಿ ಬಾಡಿಶ್ ಕಂಪನಿಯು 1 ಕೋಟಿ 80 ಲಕ್ಷ ಮಾರ್ಕುಗಳನ್ನು ಸುರಿದು 1897ರಲ್ಲಿ ಕೃತಕ ನೀಲಿಯನ್ನು ಪೇಟೆಗೆ ತಂದಿತು. ಅದೇ ಕಾಲದಲ್ಲಿ ಹಿಂದುಸ್ಥಾನದಲ್ಲಿ 16 ಲಕ್ಷ ಎಕರೆ ಭೂಮಿಯು ನೀಲಿಯ ಬೆಳೆಯಲ್ಲಿತ್ತು. 1914ರ ಯುದ್ಧಕ್ಕೆ ಮೊದಲು ಅದು 2 ಲಕ್ಷ ಎಕರೆಯೊಳಗೆ ಇಳಿಯಿತು. ಬಿಹಾರದ ಚಂಪಾರಣದಲ್ಲಿ ನೀಲಿಯ ತೋಟದ ದೊರೆಗಳು ಬೆಲೆ ಬಿದ್ದ ನಷ್ಟವನ್ನು ರೈತರ ಮೇಲೆ ಹೊರಿಸಹೋದದ್ದೂ, 1917ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಹೋದದ್ದೂ ಎಲ್ಲರಿಗೂ ತಿಳಿದ ವಿಷಯ.

ಇನ್ನು ಈ ಹೊಸ ಬಣ್ಣವು ಮಲಪ್ರಭೆಯ ಸೀಮೆಗೆ ಬಂದ ದಾರಿಯನ್ನು ನೋಡುವಾ. 1818ರಲ್ಲಿ ಮನ್ರೋ ಸಾಹೇಬನು ಬಾದಾಮಿಯ ಕೋಟೆಯನ್ನು ಹಿಡಿದಂದಿನಿಂದ ಈ ಪ್ರಾಂತವು ಇಂಗ್ಲಿಷರ ಕೈಸೇರಿತ್ತು. ಆದರೂ ಅರ್ಧ ಶತಮಾನದ ವರೆಗೆ ಸರಕುಗಳೆಲ್ಲ ಎತ್ತಿನ ಬೆನ್ನಿನ ಮೇಲೆಯೂ ಬಂಡಿಯಲ್ಲಿಯೂ ಬರುತ್ತಿದ್ದವು. 1876ರಿಂದ 1878ರ ವರೆಗಿನ ಭಯಂಕರವಾದ ಬರಗಾಲದಲ್ಲಿ ಅನ್ನವನ್ನು ತರಲು ದಾರಿಯಿಲ್ಲದೆ ಕಲಾದಗಿ ಜಿಲ್ಲೆಯ ಅಸಂಖ್ಯ ಜನರು ಸತ್ತರು. ನೇಕಾರರ ಊರುಗಳು ಬರಿದಾದವು. ಇಂಥ ಅನಾಹುತವು ಮರಳಿ ಬಾರದಿರಲೆಂದು 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಯಿತು. 1884ರಲ್ಲಿ ಹೋಟಗಿಯಿಂದ ಗದಗಿನ ವರೆಗೆ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದುಹೋಗುವ ಹಾದಿಯು ತೆರೆಯಿತು. ಕಾಳನ್ನು ತರಲೆಂದು ಹಾಕಿದ ಕಂಬಿಗಳ ಮೇಲೆಯೇ ಮುಂಬಯಿಯ ಗಿರಣಿಯ ನೂಲೂ, ವಿಲಾಯತಿಯ ಕೆಂಪು ನೂಲೂ, ಜರ್ಮನಿಯ ಬಣ್ಣದ ಡಬ್ಬಿಗಳೂ ಬಂದವು.

ಡಬ್ಬಿಯ ಬಣ್ಣದ ಮೇಲ್ಮೆಯು ಬರಿಯ ಅಗ್ಗದಲ್ಲಿರಲಿಲ್ಲ. ಅದರ ಬಲವು ಖಚಿತತೆಯಲ್ಲಿತ್ತು. ಇಂದು ಕೊಂಡ ಡಬ್ಬಿಗೂ ಮುಂದಿನ ವರ್ಷ ಕೊಳ್ಳುವ ಡಬ್ಬಿಗೂ ಒಂದೇ ಹದ. ಓದುಬಾರದವರಿಗೂ ಗುರುತು ಸಿಗಲೆಂದು ಕಂಪನಿಗಳು ನಮ್ಮ ದೇವದೇವತೆಗಳ ಚಿತ್ರಗಳನ್ನೇ ಅಚ್ಚು ಹಾಕಿಸಿ ಡಬ್ಬಿಗೆ ಅಂಟಿಸಿದವು. ಯಾವ ಅಳತೆಗೆ ಯಾವ ಛಾಯೆ ಬರುವದೆಂಬುದನ್ನು ನೂಲಿನ ತುಣುಕುಗಳೊಡನೆ ಹಾಳೆಗಳಲ್ಲಿ ತೋರಿಸಿದವು. ಬೇರು ಕುದಿಸಿ ಹಲವು ದಿನ ಕಾಯುವ ಕೆಲಸವು ಬಹಳ ಕಡಿಮೆಯಾಯಿತು. ಕೂಲಿಯವಳ ಮೈಮೇಲೂ ಕೆಂಪು ಸೀರೆ ಬಂದಿತು. ಈ ಉಪಕಾರವನ್ನು ಅಲ್ಲಗಳೆಯುವದು ನ್ಯಾಯವಲ್ಲ. ಬಣ್ಣವು ಸಿರಿವಂತರ ಸೊತ್ತಾಗಿದ್ದುದು ಎಲ್ಲರ ಸೊತ್ತಾಯಿತು. ಕೊಳ್ಳುವವರು ಹೆಚ್ಚಿದಂತೆ ಮಗ್ಗಗಳಿಗೂ ಕೆಲಸವು ಹೆಚ್ಚಿತು.

ಆದರೆ ಮೊದಮೊದಲು ಬಂದ ಅನಿಲೀನ್ ಬಣ್ಣಗಳಲ್ಲಿ ಅನೇಕವು ಕುಸುಂಭರಾಗದವು. 1884ರಲ್ಲಿ ಹೊರಟ ಕಾಂಗೋ ಕೆಂಪೆಂಬುದು ಪಟಿಕದ ಹಂಗಿಲ್ಲದೆ ಅರಳೆಗೆ ಹತ್ತುತ್ತಿತ್ತು. ಅಷ್ಟೇ ಸುಲಭವಾಗಿ ಬಿಡುತ್ತಲೂ ಇತ್ತು. ಅಲಿಜರಿನ್ನಿನಂಥ ಗಟ್ಟಿ ಬಣ್ಣವೂ ಇಂಥ ಜಾಳು ಬಣ್ಣವೂ ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಡಬ್ಬಿಗಳಲ್ಲಿ ದೊರೆಯತೊಡಗಿದಾಗ, ಸೀರೆಯನ್ನು ಕೊಳ್ಳುವವಳಿಗೆ ಉಳಿದ ಪರೀಕ್ಷೆಯೊಂದೇ: ಅಂಚನ್ನು ನೆನೆಸಿ ಬಿಳಿಯ ಬಟ್ಟೆಗೆ ತಿಕ್ಕಿ ನೋಡುವದು. ಮೊದಲು ಬಣ್ಣಗಾರನ ಹೆಸರೇ ಬಣ್ಣಕ್ಕೆ ಹೊಣೆಯಾಗಿತ್ತು. ಈಗ ಹೊಣೆಗಾರನು ಸಮುದ್ರದಾಚೆಗೆ ಹೋದನು.

ಸೋತವರು ಯಾರೆಂಬುದನ್ನು ಹೇಳಬೇಕಾದುದಿಲ್ಲ. ಸುರಂಜಿಯನ್ನು ಬೆಳೆಯುವವರಿಲ್ಲವಾದರು, ಮೂರು ವರ್ಷ ಕಾಯುವ ಬೆಳೆಗೆ ಡಬ್ಬಿಯು ಸಮಯವನ್ನೇ ಕೊಡಲಿಲ್ಲ. ಕುಸುಬಿಯು ಮಾತ್ರ ಉಳಿಯಿತು. ಹೂವಿನ ಬಣ್ಣಕ್ಕಾಗಿ ಅಲ್ಲ, ಬೀಜದ ಎಣ್ಣೆಗಾಗಿ. ಇಂದಿಗೂ ಈ ಸೀಮೆಯ ಎರೆಹೊಲಗಳಲ್ಲಿ ಕುಸುಬಿಯ ಹೂ ಅರಳುವದು. ಅದರ ದಳದಲ್ಲಿ ಒಂದು ಕಾಲಕ್ಕೆ ಅರಿವೆಯ ಬಣ್ಣವಿತ್ತೆಂಬುದನ್ನು ಬಲ್ಲವರು ಕೆಲವರೇ. ನೀಲಗಾರರು ಕೃತಕ ನೀಲಿಯನ್ನೇ ತಮ್ಮ ಹರವಿಗಳಲ್ಲಿ ಹಾಕಿಕೊಂಡು ಕೆಲವು ಕಾಲ ನಡೆಯಿಸಿದರು. ಕ್ರಮೇಣ ಹರವಿಯ ಹುಳಿಯನ್ನು ಕಾಯುವ ವಿದ್ಯೆಗೂ ಬೆಲೆಯಿಲ್ಲದಾಯಿತು. ನೀಲಗಾರನೆಂಬುದು ಅನೇಕ ಮನೆಗಳಲ್ಲಿ ಅಡ್ಡಹೆಸರಾಗಿ ಮಾತ್ರ ಉಳಿಯಿತು.

ಇಲ್ಲಿಯೇ ಮೊದಲು ಹೇಳಿದ ಮಾತನ್ನು ನೆನೆಯಬೇಕು. ಜರ್ಮನಿಯವರು ಗೆದ್ದದ್ದು ಬುದ್ಧಿಯಿಂದ ಮಾತ್ರವಲ್ಲ, ಬರೆದಿಡುವ ಅಭ್ಯಾಸದಿಂದ. ಒಬ್ಬನು ಕಂಡುದನ್ನು ಇನ್ನೊಬ್ಬನು ಓದಿ ಮುಂದುವರಿಸಿದನು. ಪ್ರತಿಯೊಂದು ಹೆಜ್ಜೆಗೂ ಹಕ್ಕುಪತ್ರವಿತ್ತು. ನಮ್ಮ ಬಣ್ಣಗಾರನ ವಿದ್ಯೆಯು ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಮಗನು ಬೇರೆ ಉದ್ಯೋಗವನ್ನು ಹಿಡಿದ ದಿನವೇ ಅದು ಮುಗಿಯಿತು. ಮುಂಬಯಿ ಇಲಾಖೆಯ ಬಣ್ಣಗಳನ್ನೂ ಬಣ್ಣ ಹಾಕುವ ಕ್ರಮಗಳನ್ನೂ ಕುರಿತು ಫಾಸೆಟ್ ಎಂಬ ಅಧಿಕಾರಿಯು ಬರೆದ ಪುಸ್ತಕವು 1896ರಲ್ಲಿ ಹೊರಬಿದ್ದಿತು. ಅದು ಇಂಗ್ಲಿಷಿನಲ್ಲಿತ್ತು. ಮರುವರ್ಷವೇ ಕೃತಕ ನೀಲಿಯು ಪೇಟೆಗೆ ಬಂದಿತು. ಈ ನೆಲದ ವಿದ್ಯೆಯು ಅಳಿವಿನಂಚಿಗೆ ಬಂದಾಗ ಅದನ್ನು ಬರೆದವನು ಪರದೇಶದವನು, ಬರೆದ ಭಾಷೆಯೂ ಬಣ್ಣಗಾರನಿಗೆ ತಿಳಿಯದ್ದು.

ಪರಾಧೀನವಾದ ಪೇಟೆಯ ಅಪಾಯವು 1914ರಲ್ಲಿ ಬಯಲಾಯಿತು. ಆಗ ಜಗತ್ತಿನ ಕೃತಕ ಬಣ್ಣಗಳಲ್ಲಿ ನೂರಕ್ಕೆ 85ರಷ್ಟನ್ನು ಜರ್ಮನಿಯೊಂದೇ ಮಾಡುತ್ತಿತ್ತು. ಯುದ್ಧವು ಆರಂಭವಾಗಿ ಹಡಗುಗಳು ನಿಂತೊಡನೆ ಬಣ್ಣದ ಬೆಲೆಯು ಆಕಾಶಕ್ಕೇರಿತು. ಇಂಗ್ಲೆಂಡಿನಲ್ಲಿಯೇ ಸೈನಿಕರ ಉಡುಪಿಗೆ ಬಣ್ಣ ಸಾಲದಾಯಿತೆಂದ ಮೇಲೆ ಇಲ್ಲಿಯ ನೇಕಾರನ ಪಾಡೇನು? ನೀಲಿಯ ಬೆಳೆಯು ಹಿಂದುಸ್ಥಾನದಲ್ಲಿ ಮತ್ತೆ ಹಲವು ಲಕ್ಷ ಎಕರೆಗೆ ಏರಿ, ಯುದ್ಧವು ಮುಗಿದೊಡನೆ ಮತ್ತೆ ಕುಸಿಯಿತು. ಕಳೆದ ವಿದ್ಯೆಯನ್ನು ಬೆಲೆಯೇರಿದ ನಾಲ್ಕು ವರ್ಷಗಳಲ್ಲಿ ಮರಳಿ ಕಟ್ಟಲು ಆಗುವದಿಲ್ಲವೆಂಬುದನ್ನು ಆ ಯುದ್ಧವು ತೋರಿಸಿಕೊಟ್ಟಿತು. ಮುಂದೆ 1925ರಲ್ಲಿ ಜರ್ಮನಿಯ ಕಂಪನಿಗಳು ಐ. ಜಿ. ಫಾರ್ಬೆನ್ ಎಂಬ ಹೆಸರಿನಿಂದ ಒಂದಾದವು. 1926ರಲ್ಲಿ ಇಂಗ್ಲೆಂಡಿನವು ಇಂಪೀರಿಯಲ್ ಕೆಮಿಕಲ್ ಎಂಬ ಹೆಸರಿನಿಂದ ಕೂಡಿಕೊಂಡವು. ಖಾದಿಯನ್ನು ಉಟ್ಟು ಸ್ವದೇಶಿಯ ವ್ರತವನ್ನು ಹಿಡಿದ ಕಾಲದಲ್ಲಿಯೂ, ಕೈಮಗ್ಗದ ಸೀರೆಯ ಬಣ್ಣವು ಬಹುಮಟ್ಟಿಗೆ ಪರದೇಶದ್ದೇ ಆಗಿತ್ತು.

ಸ್ವಾತಂತ್ರ್ಯದೊಡನೆ ಈ ಪೇಟೆಯೂ ತಿರುಗಿತು. 1947ರಲ್ಲಿ ಅಹಮದಾಬಾದಿನ ಕಸ್ತೂರಭಾಯಿ ಲಾಲಭಾಯಿಯವರು ಅತುಲ ಎಂಬ ಕಾರಖಾನೆಯನ್ನು ಸ್ಥಾಪಿಸಿದರು. 1952ರಲ್ಲಿ ಪಂಡಿತ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಜರ್ಮನಿಯಲ್ಲಿ 1901ರಲ್ಲಿ ಹುಟ್ಟಿದ ಇಂಡಾಂತ್ರೀನ್ ಜಾತಿಯ ಗಟ್ಟಿ ಬಣ್ಣಗಳೂ, 1912ರ ಸುಮಾರಿಗೆ ಹೊರಟ ನ್ಯಾಫ್ಥಾಲ್ ಕೆಂಪೂ, 1956ರಲ್ಲಿ ಇಂಗ್ಲೆಂಡಿನವರು ತಂದ, ಅರಳೆಯ ಎಳೆಯೊಡನೆಯೇ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣಗಳೂ ಕ್ರಮೇಣ ಇಲ್ಲಿಯೇ ತಯಾರಾದವು. ಇಂದು ಭಾರತವು ಚೀನದ ಜೊತೆಯಲ್ಲಿ ಜಗತ್ತಿಗೆ ಬಣ್ಣವನ್ನು ಒದಗಿಸುವ ದೇಶವಾಗಿದೆ. ಗುಜರಾತ ಮತ್ತು ಮಹಾರಾಷ್ಟ್ರಗಳು ಅದರ ಮುಖ್ಯ ನೆಲೆಗಳು. ಒಂದು ಕಾಲಕ್ಕೆ ಡಬ್ಬಿಯನ್ನು ಕೊಳ್ಳುತ್ತಿದ್ದ ನಾಡು ಡಬ್ಬಿಯನ್ನು ಮಾರುವ ನಾಡಾದುದು ಸಾಮಾನ್ಯವಾದ ಸಾಧನೆಯಲ್ಲ.

ಆದರೂ ಬಣ್ಣ ಗಟ್ಟಿಯೋ ಎಂಬ ಪ್ರಶ್ನೆಗೆ ಈಗ ಇನ್ನೆರಡು ಪ್ರಶ್ನೆಗಳು ಸೇರಿಕೊಂಡಿವೆ: ಬಣ್ಣವು ಮೈಗೆ ಹಿತವೋ? ನೀರಿಗೆ ಹಿತವೋ? ಕಾಂಗೋ ಕೆಂಪಿನ ವರ್ಗದ ಬೆಂಝಿಡೀನ್ ಬಣ್ಣಗಳು ಅರ್ಬುದರೋಗಕ್ಕೆ ಕಾರಣವಾಗಬಲ್ಲವೆಂದು ತಿಳಿದ ಮೇಲೆ 1994ರಲ್ಲಿ ಜರ್ಮನಿಯೇ ಅಂಥ ಬಣ್ಣಗಳನ್ನು ನಿಷೇಧಿಸಿತು. ಭಾರತ ಸರಕಾರವೂ ಅದೇ ದಶಕದಲ್ಲಿ ನಿಷೇಧವನ್ನು ತಂದಿತು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಕೊಳೆನೀರು ನೊಯ್ಯಲ ನದಿಯನ್ನು ಕೆಡಿಸಿದ್ದರಿಂದ 2011ರಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ಅಲ್ಲಿಯ ನೂರಾರು ಬಣ್ಣದ ಕಾರಖಾನೆಗಳನ್ನು ಮುಚ್ಚಿಸಿತು. ನೀರು ವಿರಳವಾದ ಬಾಗಲಕೋಟೆಯ ಸೀಮೆಗೆ ಇದು ದೂರದ ಸುದ್ದಿಯಲ್ಲ.

ಇದರಿಂದ ಬೇರಿನ ಬಣ್ಣಕ್ಕೇ ಮರಳಬೇಕೆಂದು ಕೆಲವರು ಹೇಳುವದುಂಟು. ಆ ಮಾತಿನಲ್ಲಿ ಪ್ರೀತಿಯಿದೆ, ಲೆಕ್ಕವಿಲ್ಲ. ಇಂದಿನ ಅರಳೆಯ ಬಟ್ಟೆಗೆಲ್ಲ ಬೇರಿನಿಂದ ಬಣ್ಣ ಹಾಕಬೇಕಾದರೆ ಜೋಳ ಕಡಲೆ ಬೆಳೆಯುವ ಹೊಲಗಳೇ ಉಳಿಯಲಾರವು. ಅದರ ಸೀರೆಯು ಮತ್ತೆ ಸಿರಿವಂತರ ಸೊತ್ತೇ ಆದೀತು. ಕೂಲಿಯವಳ ಮೈಮೇಲೆ ಬಂದ ಕೆಂಪನ್ನು ಕಸಿದುಕೊಳ್ಳುವದು ಯಾವ ಇತಿಹಾಸಪ್ರೀತಿಯಿಂದಲೂ ಸಮರ್ಥನೀಯವಾಗದು.

ಆದರೆ ವಿದ್ಯೆಯನ್ನು ಉಳಿಸಿಕೊಳ್ಳುವದು ಬೇರೆ, ವ್ಯಾಪಾರವನ್ನು ಹಿಂದಿರುಗಿಸುವದು ಬೇರೆ. ಪೇಟೆಯು ಬೆಳೆದಾಗ ವಿದ್ಯೆಯೂ ಬೆಳೆಯುವದೆಂಬ ನಿಯಮವಿಲ್ಲ. ಈ ಸೀಮೆಯಲ್ಲಿ ಬಣ್ಣದ ಪೇಟೆಯು ನೂರು ಮಡಿ ಹಿಗ್ಗಿದಾಗಲೇ ಬಣ್ಣದ ವಿದ್ಯೆಯು ಊರನ್ನು ಬಿಟ್ಟು ಹೋಯಿತು. ಹೋದುದರಲ್ಲಿ ಅಳಿದುಳಿದ ಚೂರುಗಳು ಇಳಕಲ್ಲು, ಗುಳೇದಗುಡ್ಡಗಳ ವೃದ್ಧರ ನೆನಪಿನಲ್ಲಿ ಇನ್ನೂ ಇದ್ದಾವು: ಹರವಿ ಹದಕ್ಕೆ ಬಂದುದರ ಗುರುತು, ಪಟಿಕದ ಅಳತೆ, ಛಾಯೆಗಳ ಹಳೆಯ ಹೆಸರುಗಳು. ಗಿರಿಕುಂಕುಮ, ಚಂದ್ರಕಾಳಿ ಎಂಬ ಹೆಸರುಗಳು ಸೀರೆಯ ಅಂಗಡಿಗಳಲ್ಲಿ ಉಳಿದಿವೆ. ಅವುಗಳ ಹಿಂದಿನ ಕ್ರಮಗಳು ಉಳಿದಿಲ್ಲ. ಪ್ರತಿಯೊಂದು ಊರಿನ ಸಾಹಿತ್ಯಸಂಘವೂ ಶಾಸನಗಳ ಪಡಿಯಚ್ಚನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ಈ ನೆನಪುಗಳನ್ನು ಕನ್ನಡದಲ್ಲಿ ಬರೆದಿಡತಕ್ಕದ್ದು. ವಿಶ್ವನಾಥನು ಪ್ರೇಮಕ್ಕೆ ಹೇಳಿದ ಮೂರು ರಾಗಗಳು ವಿದ್ಯೆಗೂ ಸಲ್ಲುವವು. ನೆನಪಿನಲ್ಲಿ ಮಾತ್ರ ಇರುವ ವಿದ್ಯೆಯು ಕುಸುಂಭದ ಬಣ್ಣದಂತೆ ಒಂದು ಒಗೆತಕ್ಕೆ ಹೋಗುವದು. ಬರೆದಿಟ್ಟ ವಿದ್ಯೆಗೆ ಮಾತ್ರ ನೀಲಿಯ ಬಾಳಿಕೆಯುಂಟು.